ಬೀಡಿಯಲ್ಲಿ ಸುಟ್ಟ ಕಾಗದ: ಬಂಡಾಯವನ್ನು ಎದುರಿಸಲು ಸೈನ್ಯ ಕಲಿಯುವುದು ಹೇಗೆ?

1830ರ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣ ಮತ್ತು ಅವನ ಜೊತೆಗಾರರು ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟರು. ಬೀಡಿ ಇವತ್ತು ಖಾನಾಪುರ ತಾಲ್ಲೂಕಿನ ಒಂದು ಊರು. ಆ ರಾತ್ರಿ ಉರಿದದ್ದು ಹೆಚ್ಚಾಗಿ ಕಾಗದ. ಯಾರ ಹೊಲಕ್ಕೆ ಎಷ್ಟು ಕಂದಾಯ, ಯಾರ ಇನಾಮು ಉಳಿಯಿತು, ಯಾರದು ಹೋಯಿತು ಎಂಬ ಲೆಕ್ಕವೆಲ್ಲ ಕಚೇರಿಯ ದಫ್ತರದಲ್ಲಿ ಬಟ್ಟೆ ಸುತ್ತಿಕೊಂಡು ಕೂತಿತ್ತು. ಕಂಪನಿಯ ಅಧಿಕಾರಿಗಳಿಗೆ ಇದು ದರೋಡೆಕೋರರ ಪುಂಡಾಟವಾಗಿ ಕಂಡಿತು. ರಾಯಣ್ಣನಿಗೆ ಅದು ಗುರಿ ಇಟ್ಟು ಹೊಡೆದ ಏಟು. ಅವನು ಊರಿನ ವಾಲೀಕಾರ, ಶೇತಸನದಿ. ಊರು ಕಾಯುವ ಚಾಕರಿಗೆ ಪ್ರತಿಯಾಗಿ ಬಂದಿದ್ದ ಅವನ ಮನೆತನದ ಜಮೀನಿಗೆ ಹೊಸ ಸರ್ಕಾರ ಕೈ ಹಾಕಿತ್ತು. ಜಗಳ ಎಲ್ಲಿ ಹುಟ್ಟಿತ್ತೋ ಅಲ್ಲಿಗೇ ಅವನು ಬೆಂಕಿ ಒಯ್ದ.

ಬಂಡಾಯವನ್ನು ಎದುರಿಸಲು ಹೊರಟ ಯಾವ ಸೈನ್ಯವಾದರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಆ ಬೂದಿಯಲ್ಲೇ ಇತ್ತು: ಇವರು ಇದನ್ನೇ ಯಾಕೆ ಸುಟ್ಟರು? ಆ ಪ್ರಶ್ನೆ ಸೈನ್ಯದ ಒಳಗೆ ಹುಟ್ಟುವುದಕ್ಕೆ ಎಷ್ಟು ಕಾಲ ಬೇಕು, ಯಾರು ಅದನ್ನು ಎತ್ತುತ್ತಾರೆ, ಎತ್ತಿದ ಮೇಲೆ ಅದು ಪಲ್ಟಣದ ಕೊನೆಯ ಜವಾನನವರೆಗೆ ಇಳಿಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಮನೆಗೊಬ್ಬರಂತೆ ಮಿಲ್ಟ್ರಿಗೆ ಹೋದವರಿರುವ ಊರುಗಳಿವೆ. ರಜೆಯ ಮೇಲೆ ಬಂದ ಹುಡುಗ ಕಾಶ್ಮೀರದ ಮಾತು ತೆಗೆದಾಗ ಪಡಸಾಲೆಯಲ್ಲಿ ಕೂತವರೆಲ್ಲ ಕಿವಿಗೊಡುತ್ತಾರೆ. ನಮಗೆ ಇದು ದೂರದ ಸಂಗತಿಯಲ್ಲ.

ಸೈನ್ಯ ಎಂಬುದು ಇನ್ನೊಂದು ಸೈನ್ಯದ ಜೊತೆ ಕಾದಾಡಲು ಕಟ್ಟಿದ ವ್ಯವಸ್ಥೆ. ಎದುರಿಗೆ ಸಮವಸ್ತ್ರ ಇರಬೇಕು, ಗಡಿಯ ಗೆರೆ ಇರಬೇಕು, ಗೆದ್ದದ್ದು ಯಾವಾಗ ಎಂದು ಗೊತ್ತಾಗಬೇಕು. ತೋಪು, ಬಡ್ತಿ, ಪದಕ, ತರಬೇತಿ ಎಲ್ಲವೂ ಈ ಲೆಕ್ಕಕ್ಕೇ ಹೊಂದಿಕೊಂಡಿರುತ್ತವೆ. ಬಂಡಾಯಗಾರ ಇದನ್ನೆಲ್ಲ ತಲೆಕೆಳಗು ಮಾಡುತ್ತಾನೆ. ಅವನು ರಾತ್ರಿ ಬರುತ್ತಾನೆ, ಹಗಲು ಹೊಲದಲ್ಲಿ ಗಳೆ ಹೊಡೆಯುತ್ತಿರುತ್ತಾನೆ. ಅವನಿಗೆ ರೊಟ್ಟಿ ಕೊಟ್ಟ ಮನೆ ಯಾವುದೆಂದು ಊರಿಗೆಲ್ಲ ಗೊತ್ತು, ಪಲ್ಟಣಕ್ಕೆ ಮಾತ್ರ ಗೊತ್ತಿಲ್ಲ. ಸಿಟ್ಟಿಗೆದ್ದ ಪಲ್ಟಣ ಇಡೀ ಊರನ್ನೇ ಶಿಕ್ಷಿಸಿದರೆ, ಮರುದಿನ ಅವನಿಗೆ ಇನ್ನೂ ಹತ್ತು ಮನೆಯ ರೊಟ್ಟಿ ಸಿಗುತ್ತದೆ.

ಕಿತ್ತೂರಿನಲ್ಲಿ ಎರಡೂ ಬಗೆಯ ಯುದ್ಧ ಆರು ವರ್ಷದೊಳಗೆ ನಡೆದವು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗ ರುದ್ರಸರ್ಜ ತೀರಿಕೊಂಡ. ಅವನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಖಜಾನೆಗೆ ಮುದ್ರೆ ಒತ್ತಿದ. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಕಂಪನಿ ದೊಡ್ಡ ದಂಡು, ದೊಡ್ಡ ತೋಪು ತಂದು ಡಿಸೆಂಬರ್ 5ರ ಹೊತ್ತಿಗೆ ಕೋಟೆ ಹಿಡಿಯಿತು, ರಾಣಿ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟಿತು. ಪುಸ್ತಕದ ಪ್ರಕಾರ ಯುದ್ಧ ಮುಗಿಯಿತು. 1829ರ ಫೆಬ್ರುವರಿಯಲ್ಲಿ ರಾಣಿ ಸೆರೆಯಲ್ಲೇ ತೀರಿಕೊಂಡರು. ಅದೇ ವರ್ಷ ರಾಯಣ್ಣ ಎದ್ದ. ಈ ಸಲ ಮುತ್ತಿಗೆ ಹಾಕಲು ಕೋಟೆಯೇ ಇರಲಿಲ್ಲ. ಖಾನಾಪುರದ ಕಾಡು, ನಂದಗಡ, ಸಂಪಗಾಂವ, ಇವುಗಳ ನಡುವೆ ಅವನ ದಳ ಓಡಾಡಿಕೊಂಡಿತ್ತು. ಪಲ್ಟಣ ಒಂದು ಕಡೆ ಬಂದರೆ ಅವನು ಇನ್ನೊಂದು ಕಡೆ.

ಕೊನೆಗೆ 1830ರ ಏಪ್ರಿಲ್‌ನಲ್ಲಿ ಹಳ್ಳದಲ್ಲಿ ಮೀಯುತ್ತಿದ್ದವನನ್ನು ಹಿಡಿದುಕೊಟ್ಟದ್ದು ಅವನದೇ ಸೀಮೆಯ ಜನ. ಅವರ ಹೆಸರು ಹಿಡಿದು ಲಾವಣಿಗಳು ಇಂದಿಗೂ ಶಪಿಸುತ್ತವೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಕಂಪನಿ ಇಲ್ಲಿ ಒಂದು ಉಪಾಯ ಕಲಿಯಿತು: ಗೆರಿಲ್ಲಾನನ್ನು ಹಿಡಿಯಲು ಅವನ ನೆಲದವರೇ ಬೇಕು. ಬೀಡಿಯ ಕಾಗದ ಯಾಕೆ ಉರಿಯಿತು ಎಂಬುದನ್ನು ಮಾತ್ರ ಕಲಿಯಲಿಲ್ಲ.

ಕಲಿಯಬಹುದಾಗಿತ್ತು ಎಂಬುದಕ್ಕೆ ಇದೇ ನೆಲದಲ್ಲಿ ಸಾಕ್ಷಿ ಇದೆ. ರಾಯಣ್ಣನ ಬಂಡಾಯಕ್ಕೂ ಹನ್ನೆರಡು ವರ್ಷ ಹಿಂದೆ, ಪೇಶ್ವೆಯ ಜೊತೆಗಿನ ಕೊನೆಯ ಯುದ್ಧದಲ್ಲಿ, ಥಾಮಸ್ ಮನ್ರೊ ಧಾರವಾಡಕ್ಕೆ ಬಂದಾಗ ಅವನ ಕೈಯಲ್ಲಿ ಖಾಯಂ ಸೈನ್ಯ ತೀರ ಕಡಿಮೆ ಇತ್ತು. ಬಳ್ಳಾರಿ, ಕಡಪ ಸೀಮೆಯಲ್ಲಿ ವರ್ಷಗಟ್ಟಲೆ ಕಂದಾಯದ ಕೆಲಸ ಮಾಡಿದ್ದ ಮನುಷ್ಯ ಅವನು. ರೈತನ ಮನಸ್ಸು ಯಾವ ಕಡೆ ವಾಲುತ್ತದೋ ರಾಜ್ಯ ಆ ಕಡೆ ವಾಲುತ್ತದೆ ಎಂದು ಬಲ್ಲವನು. ಊರಿನವರನ್ನೇ ಪೇದೆಗಳಾಗಿ ಸೇರಿಸಿಕೊಂಡ. ಅಮಲ್ದಾರರನ್ನು ಮುಂದೆ ಕಳಿಸಿ, ಪೇಶ್ವೆಗೆ ಕಟ್ಟುವ ಕಂದಾಯ ನಿಲ್ಲಿಸುವಂತೆ ಊರೂರು ಒಪ್ಪಿಸಿದ. ಬಾದಾಮಿ ಬಿತ್ತು. 1818ರ ಏಪ್ರಿಲ್ 10ರಂದು ಬೆಳಗಾವಿ ಕೋಟೆಯೂ ಶರಣಾಯಿತು. ಆ ಮುತ್ತಿಗೆಯಲ್ಲಿ ಅವನಿಗೆ ನೆರವಾದವರು ಯಾರು? ಕಿತ್ತೂರಿನ ದೇಸಾಯಿ. ಅದಕ್ಕಾಗಿ ಕಿತ್ತೂರಿಗೆ ಸನದೂ ಸಿಕ್ಕಿತು. ಆರೇ ವರ್ಷದಲ್ಲಿ ಅದೇ ಕಿತ್ತೂರಿನ ಬಾಗಿಲಿಗೆ ಥ್ಯಾಕರೆ ತೋಪು ತಂದು ನಿಲ್ಲಿಸಿದ.

ಮನ್ರೊನನ್ನು ನಾನು ಹೊಗಳುತ್ತಿಲ್ಲ. ಅವನೂ ನಮ್ಮನ್ನು ಆಳಲೆಂದೇ ಬಂದವನು. ಆದರೆ ಸುಧಾರಣೆ ಸೋಲುವ ಬಗೆಯನ್ನು ಅವನ ಕಥೆ ತೋರಿಸಿಕೊಡುತ್ತದೆ. ಅವನ ಬುದ್ಧಿ ಅವನ ತಲೆಯಲ್ಲಿತ್ತು, ಪತ್ರಗಳಲ್ಲಿತ್ತು. ಅದನ್ನು ಕಲಿಸುವ ಶಾಲೆ ಇರಲಿಲ್ಲ, ಪಾಲಿಸಲೇಬೇಕಾದ ನಿಯಮ ಇರಲಿಲ್ಲ. ಮನುಷ್ಯನಿಗೆ ವರ್ಗವಾದ ಕೂಡಲೇ ಪಾಠವೂ ವರ್ಗವಾಗಿ ಹೋಯಿತು.

ಹೀಗೆ ಹೋದ ಪಾಠಕ್ಕೆ ರಾಮದುರ್ಗದ ಸೀಮೆ ದಂಡ ತೆತ್ತಿತು. ನರಗುಂದದ ಅರಸ ಬಾಬಾಸಾಹೇಬ ಭಾಸ್ಕರರಾವ ಭಾವೆಗೆ ಮಕ್ಕಳಿರಲಿಲ್ಲ, ದತ್ತಕಕ್ಕೆ ಅನುಮತಿ ಕೇಳಿದ, ಸಿಗಲಿಲ್ಲ. ಕಿತ್ತೂರಿನದೇ ಕಥೆ. 1858ರ ಮೇ 29ರ ರಾತ್ರಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಬಾಬಾಸಾಹೇಬನ ಜನ ಕೊಂದರು. ನರಗುಂದದ ಕಡೆ ಹೋಗಬೇಡವೆಂದು ರಾಮದುರ್ಗದ ಅರಸ, ಅಂದರೆ ಬಾಬಾಸಾಹೇಬನ ಮಲಸಹೋದರನೇ, ಮ್ಯಾನ್ಸನ್‌ಗೆ ಹೇಳಿದ್ದ. ಕೆಲವೇ ದಿನದಲ್ಲಿ ನರಗುಂದ ಬಿತ್ತು. ತೊರಗಲ್ಲಿನ ಅಡವಿಯಲ್ಲಿ ಬಾಬಾಸಾಹೇಬನನ್ನು ಹಿಡಿದವನು ಫ್ರಾಂಕ್ ಸೌಟರ್ ಎಂಬ ಪೊಲೀಸ್ ಅಧಿಕಾರಿ. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು.

ಬೇಗ ಸುದ್ದಿ ತರಿಸುವುದು, ಬೇಗ ಬೆನ್ನಟ್ಟುವುದು, ಬೇಗ ನೇಣು ಹಾಕುವುದು, ಇದರಲ್ಲೆಲ್ಲ ಸರ್ಕಾರ ಅಷ್ಟರಲ್ಲಿ ಪಳಗಿತ್ತು. ದತ್ತಕದ ಹಟ ಮಾತ್ರ 34 ವರ್ಷವಾದರೂ ಕರಗಿರಲಿಲ್ಲ. ಅದು ಕರಗಿದ್ದು ಉತ್ತರ ಹಿಂದೂಸ್ತಾನವೆಲ್ಲ ಉರಿದ ಮೇಲೆ. ಸಂಸ್ಥಾನಗಳನ್ನು ಇನ್ನು ನುಂಗುವುದಿಲ್ಲ ಎಂದು 1858ರ ನವೆಂಬರ್ 1ರಂದು ವಿಕ್ಟೋರಿಯಾ ರಾಣಿಯ ಹೆಸರಲ್ಲಿ ಘೋಷಣೆ ಬಂತು. ಬೆನ್ನಿಗೇ ಗವರ್ನರ್ ಜನರಲ್ ಕ್ಯಾನಿಂಗ್ ದತ್ತಕದ ಹಕ್ಕಿನ ಸನದುಗಳನ್ನು ಕೊಟ್ಟ. ಬಂಡಾಯ ಎದುರಿಸುವ ವಿದ್ಯೆಗೆ ಎರಡು ಮಗ್ಗುಲಿವೆ ಎಂದು ಇದರಿಂದ ತಿಳಿಯುತ್ತದೆ. ಬಂಡಾಯಗಾರನನ್ನು ಹಿಡಿಯುವುದು ದಂಡಿನ ಕೆಲಸ. ಅವನು ಎದ್ದ ಕಾರಣವನ್ನು ತೆಗೆಯುವುದು ರಾಜಕೀಯದವರ ಕೆಲಸ. ಎರಡನೆಯದು ಆಗದಿದ್ದರೆ ಮೊದಲನೆಯವರು ಅದೇ ಹಾದಿಯಲ್ಲಿ ಮತ್ತೆ ಮತ್ತೆ ಬರಬೇಕಾಗುತ್ತದೆ.

ಸ್ವತಂತ್ರ ಭಾರತದ ಸೈನ್ಯಕ್ಕೆ ಬ್ರಿಟಿಷರಿಂದ ಬಂದ ಬಳುವಳಿಯಲ್ಲಿ ಎರಡು ದಾರಿಯೂ ಇದ್ದವು. ಕ್ಯಾಲ್‌ವೆಲ್ 1896ರಲ್ಲಿ ಬರೆದ ಸಣ್ಣ ಯುದ್ಧಗಳ ಪುಸ್ತಕದಲ್ಲಿ ದನ ಹೊಡೆದುಕೊಂಡು ಹೋಗುವುದು, ಊರು ಸುಡುವುದು ಲೆಕ್ಕಾಚಾರದ ಉಪಾಯಗಳು. ಜಲಿಯನ್‌ವಾಲಾಬಾಗಿನ ಹತ್ಯಾಕಾಂಡದ ಕಳಂಕ ಹತ್ತಿದ ಮೇಲೆ, 1934ರಲ್ಲಿ, ಚಾರ್ಲ್ಸ್ ಗ್ವಿನ್ ಆದಷ್ಟು ಕಡಿಮೆ ಬಲ ಬಳಸಿ ಎಂದು ಬರೆದ. ಮೊದಮೊದಲು ನಮ್ಮ ಸೈನ್ಯ ಈ ಎರಡರ ನಡುವೆ ಹೊಯ್ದಾಡಿತು. 1966ರ ಮಾರ್ಚ್‌ನಲ್ಲಿ, ಮಿಜೋ ಬಂಡಾಯ ಎದ್ದಾಗ, ಐಜಾಲಿನ ಮೇಲೆ ವಿಮಾನದಿಂದ ದಾಳಿಯಾಯಿತು, ನಮ್ಮದೇ ಊರಿನ ಮೇಲೆ. ಮರುವರ್ಷ ಮಿಜೋ ಹಳ್ಳಿಗಳನ್ನು ಕಿತ್ತು ರಸ್ತೆಬದಿಯ ಕಾವಲಿನೊಳಗೆ ಗುಂಪು ಮಾಡಿದರು. ಇದು ಮಲಯಾದಲ್ಲಿ ಬ್ರಿಟಿಷರು 1950ರಿಂದ ಮಾಡಿದ್ದರ ನಕಲು. ಅಲ್ಲಿ ಅದು ನಡೆಯಿತು ಎನ್ನುವವರು ಮರೆತ ಒಂದು ಮಾತಿದೆ: ಆ ಜನರಿಗೆ ಹೊಸ ಜಾಗದಲ್ಲಿ ಜಮೀನಿನ ಹಕ್ಕು, ಪೌರತ್ವದ ಭರವಸೆ ಸಿಕ್ಕಿತ್ತು. ಮಿಜೋಗಳಿಗೆ ಸಿಕ್ಕಿದ್ದು ಕಳೆದುಹೋದ ಝೂಮ್ (ಕುಮರಿ) ಹೊಲ ಮತ್ತು ಸುಟ್ಟ ಮನೆಯ ನೆನಪು. ಅಲ್ಲಿ ಶಾಂತಿ ಬಂದದ್ದು 1986ರ ಒಪ್ಪಂದದಿಂದ. ಬಂಡಾಯದ ನಾಯಕ ಲಾಲ್‌ಡೆಂಗಾ ಮುಖ್ಯಮಂತ್ರಿಯಾದ.

ಆದರೆ ಅದೇ ಕಾಡಿನಲ್ಲಿ ಒಂದು ಒಳ್ಳೆಯ ಬೀಜವೂ ಬಿತ್ತು. ಸ್ಯಾಮ್ ಮಾಣೆಕ್‌ಷಾ ಪೂರ್ವ ಕಮಾಂಡಿನಲ್ಲಿದ್ದಾಗ ಬೇರುಬಿಟ್ಟ ವಿಚಾರವದು. ಬಂಡಾಯದ ನಾಡಿಗೆ ಹೋಗುವ ತುಕಡಿ ಮೊದಲು ಆ ಯುದ್ಧವನ್ನು ಬೇರೆಯಾಗಿಯೇ ಕಲಿಯಬೇಕು. 1970ರಲ್ಲಿ ಮಿಜೋರಾಮಿನ ವೈರೆಂಗ್ಟೆಯಲ್ಲಿ ನೆಲೆಗೊಂಡ ಶಾಲೆ ಇದಕ್ಕಾಗಿಯೇ ಇದೆ. ಗೆರಿಲ್ಲಾನ ಜೊತೆ ಗೆರಿಲ್ಲಾನ ಹಾಗೆಯೇ ಕಾದಾಡು ಎಂಬುದು ಅದರ ಧ್ಯೇಯ. ಬೆಳಗಾವಿಯಲ್ಲಿ ಇನ್‌ಫೆಂಟ್ರಿ ಸ್ಕೂಲಿನ ಜೂನಿಯರ್ ಲೀಡರ್ಸ್ ವಿಂಗ್ ಇದೆ, ಅಲ್ಲಿನ ಕಮಾಂಡೊ ಕೋರ್ಸಿನ ಹೆಸರು ಕೇಳಿದರೆ ಯುವ ಅಧಿಕಾರಿಗಳ ಬೆನ್ನು ನೆಟ್ಟಗಾಗುತ್ತದೆ. ಅಲ್ಲಿ ಕಲಿಯುವುದೂ ದೊಡ್ಡ ದಂಡಿನ ಮೆರವಣಿಗೆಯನ್ನಲ್ಲ. ನಾಲ್ಕಾರು ಜನ ರಾತ್ರಿ ನಡೆದು, ನೆಲ ಓದಿ, ತಮ್ಮ ಬುದ್ಧಿಯಿಂದ ತೀರ್ಮಾನ ತೆಗೆದುಕೊಳ್ಳುವುದನ್ನು.

ಮುಂದಿನ ದೊಡ್ಡ ಪಾಠ ಶ್ರೀಲಂಕಾದಲ್ಲಿ ಸಿಕ್ಕಿತು. 1987ರಿಂದ 1990ರವರೆಗೆ ಅಲ್ಲಿಗೆ ಹೋದ ನಮ್ಮ ಪಡೆ ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿತು. ಅಷ್ಟರಲ್ಲಿ ಕಾಶ್ಮೀರ ಹೊತ್ತಿಕೊಂಡಿತ್ತು. 1990ರಲ್ಲಿ ಬಂಡಾಯ ಎದುರಿಸಲೆಂದೇ ರಾಷ್ಟ್ರೀಯ ರೈಫಲ್ಸ್ (ಆರ್‌ಆರ್) ಎಂಬ ಪಡೆ ಕಟ್ಟಿದರು. ಇದರ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಮನ್ರೊನ ಕಾಲದ ಕೊರತೆಗೆ ಉತ್ತರ ಇಲ್ಲಿದೆ. ಸಾಮಾನ್ಯ ಬೆಟಾಲಿಯನ್ ಎರಡು ಮೂರು ವರ್ಷಕ್ಕೆ ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋಗುತ್ತದೆ. ಆ ಕಣಿವೆಯ ದಾರಿ, ಅಲ್ಲಿನ ಮನೆತನಗಳ ಜಗಳ, ಯಾರ ಮಗ ಮನೆ ಬಿಟ್ಟಿದ್ದಾನೆ ಎಂಬ ತಿಳಿವಳಿಕೆಯೆಲ್ಲ ಅದರ ಜೊತೆಗೇ ಹೋಗುತ್ತದೆ. ಆರ್‌ಆರ್‌ನಲ್ಲಿ ಹಾಗಲ್ಲ. ಘಟಕ ಅಲ್ಲೇ ಕೂರುತ್ತದೆ, ಜವಾನರು ಸರದಿಯ ಮೇಲೆ ಬಂದು ಹೋಗುತ್ತಾರೆ. ಬರುವವನು ಮೊದಲು ಬ್ಯಾಟಲ್ ಸ್ಕೂಲಿನಲ್ಲಿ ಕೆಲವು ವಾರ ಕಲಿತು ಬರುತ್ತಾನೆ. ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ಜವಾನರನ್ನು ಪಡೆಯುವ ಆರ್‌ಆರ್ ಬೆಟಾಲಿಯನ್‌ಗಳಿವೆ. ಆ ರೆಜಿಮೆಂಟಿನ ಕೇಂದ್ರ 1922ರಿಂದ ಬೆಳಗಾವಿಯಲ್ಲೇ ಇದೆ.

ಆ ಹೊತ್ತಿಗೆ ಸೇನಾ ಮುಖ್ಯಸ್ಥರಾಗಿ ಬಂದವರು ಜನರಲ್ ಬಿ.ಸಿ. ಜೋಶಿ, 1993ರಲ್ಲಿ. ಆರ್‌ಆರ್ ಬೆಳೆದದ್ದು ಅವರ ಕಾಲದಲ್ಲಿ. ಅವರು ಜವಾನರಿಗಾಗಿ ಹತ್ತು ಆಜ್ಞೆಗಳನ್ನು ಹೊರಡಿಸಿದರು: ಅತ್ಯಾಚಾರ ಕೂಡದು, ಮಾನಭಂಗ ಕೂಡದು, ಚಿತ್ರಹಿಂಸೆ ಕೂಡದು, ಮಾನವ ಹಕ್ಕನ್ನು ಗೌರವಿಸಬೇಕು. ಇಷ್ಟು ಬಿಡಿಸಿ ಬರೆಯಬೇಕಾಯಿತು ಎಂದರೆ ನೆಲದ ಮೇಲೆ ಏನು ನಡೆಯುತ್ತಿತ್ತು ಎಂದು ನಾವು ಊಹಿಸಬಹುದು. ಅದನ್ನು ಮುಚ್ಚಿಡದೆ ಬರೆದದ್ದು ಧೈರ್ಯದ ಕೆಲಸ ಎಂದೇ ನನ್ನ ನಂಬಿಕೆ. ಸೈನ್ಯದಲ್ಲಿ ಮಾಡಬೇಕಾದದ್ದು, ಮಾಡಬಾರದ್ದು ಎಂಬ ಪಟ್ಟಿಯೂ ಇತ್ತು. 1997ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯನ್ನು ಎತ್ತಿಹಿಡಿಯಿತು, ಅದರ ಜೊತೆಗೇ ಈ ಪಟ್ಟಿಯನ್ನು ಪಾಲಿಸಲೇಬೇಕು ಎಂದಿತು. ಮೇಲಧಿಕಾರಿಯ ಬುದ್ಧಿಮಾತು ಆಗ ಕಾನೂನಿನ ತೂಕ ಪಡೆಯಿತು.

ಈ ಪಟ್ಟಿ ನೆಲದ ಮೇಲೆ ಹೇಗಿರುತ್ತದೆ? ನಮ್ಮ ಬೆಳವಡಿಯಲ್ಲೇ ಒಂದು ಶೋಧ ನಡೆಯುತ್ತಿದೆ ಎಂದುಕೊಳ್ಳಿ. ಹಳೆಯ ಪದ್ಧತಿಯಲ್ಲಾದರೆ ಕೋಳಿ ಕೂಗುವ ಮೊದಲೇ ಊರಿಗೆ ಬೇಲಿ ಹಾಕಿದಂತೆ ಪಡೆ ನಿಂತಿರುತ್ತದೆ. ಗಂಡಸರನ್ನೆಲ್ಲ ಶಾಲೆಯ ಬಯಲಿಗೆ ಎಳೆದು ತರುತ್ತಾರೆ. ಬೂಟುಗಾಲು ದೇವರ ಕೋಣೆಗೂ ನುಗ್ಗುತ್ತದೆ, ಜೋಳದ ಚೀಲ ಕೊಯ್ದು ಸುರಿಯುತ್ತಾರೆ. ಸಂಜೆ ಪಡೆ ಹೋಗುತ್ತದೆ. ಚೆಲ್ಲಿದ ಜೋಳವನ್ನು ಮೊರದಲ್ಲಿ ಕೇರುತ್ತ ಕೂತ ಅಜ್ಜಿಯ ಪಕ್ಕದಲ್ಲಿ ಹದಿನೇಳರ ಮೊಮ್ಮಗ ಸುಮ್ಮನೆ ನಿಂತಿರುತ್ತಾನೆ. ಹೊಸ ಪದ್ಧತಿಯಲ್ಲಿ ಖಚಿತ ಸುಳಿವು ಸಿಕ್ಕ ಮೇಲೆ ಸಣ್ಣ ತಂಡ ಬರುತ್ತದೆ, ಒಂದೆರಡು ಮನೆಗಷ್ಟೇ. ಪೊಲೀಸರು ಜೊತೆಗಿರಬೇಕು, ಊರ ಹಿರಿಯರೊಬ್ಬರು ಮುಂದಿರಬೇಕು. ಹೆಂಗಸರನ್ನು ಹೆಣ್ಣು ಸಿಬ್ಬಂದಿಯೇ ತಪಾಸಣೆ ಮಾಡಬೇಕು. ಕಣಜ ನೋಡಬೇಕಾದರೆ ಮನೆಯವರೇ ಮುಚ್ಚಳ ತೆಗೆಯಲಿ. ಹೊರಡುವಾಗ ಏನೂ ಹಾಳಾಗಿಲ್ಲ, ಏನೂ ಕಳೆದಿಲ್ಲ ಎಂದು ಮನೆಯ ಯಜಮಾನನ ಸಹಿ ಪಡೆಯಬೇಕು. ಎರಡೂ ದಿನ ಆ ಮೊಮ್ಮಗ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾನೆ. ಈ ಯುದ್ಧದ ಅರ್ಧಭಾಗ ಅವನು ಏನು ನೋಡಿದ ಎಂಬುದರಲ್ಲಿದೆ.

ಇಷ್ಟಾದರೂ ಸೈನ್ಯದ ಕೈಯಲ್ಲಿ ಸಮಗ್ರ ಲಿಖಿತ ಸಿದ್ಧಾಂತ ಎಂಬುದು ಬಂದದ್ದು 2006ರ ಡಿಸೆಂಬರ್‌ನಲ್ಲಿ. ಆಗ ಮುಖ್ಯಸ್ಥರಾಗಿದ್ದವರು ಜನರಲ್ ಜೆ.ಜೆ. ಸಿಂಗ್. 1964ರಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ 9ನೇ ಬೆಟಾಲಿಯನ್ ಸೇರಿದವರು, 1990ರ ದಶಕದ ಆರಂಭದಲ್ಲಿ ಬಾರಾಮುಲ್ಲಾದಲ್ಲಿ ಬ್ರಿಗೇಡ್ ನಡೆಸಿದವರು. ಶಿಮ್ಲಾದ ತರಬೇತಿ ಕಮಾಂಡ್ ಹೊರತಂದ ಆ ದಾಖಲೆಯ ಸಾರವನ್ನು ಮಖಮಲ್ ಕೈಗವಸಿನೊಳಗಿನ ಕಬ್ಬಿಣದ ಮುಷ್ಟಿ ಎಂಬ ಮಾತಿನಲ್ಲಿ ಅವರು ಹೇಳುತ್ತಿದ್ದರು. ಜನರೇ ಈ ಯುದ್ಧದ ಕೇಂದ್ರ, ಬಲ ಕಡಿಮೆ ಬಳಸಬೇಕು, ಮಾತುಕತೆಗೆ ಜಾಗವಾಗುವಷ್ಟು ಹಿಂಸೆಯನ್ನು ತಗ್ಗಿಸಿಕೊಡುವುದು ಸೈನ್ಯದ ಹೊಣೆ ಎಂಬುದು ಅದರ ತಿರುಳು. ಗೆಲುವು ಎಂಬ ಮಾತಿನ ಅರ್ಥವೇ ಇಲ್ಲಿ ಬದಲಾಗುತ್ತದೆ.

ಅದೇ ತಿಂಗಳು ಅಮೆರಿಕದ ಸೈನ್ಯವೂ ಇರಾಕಿನ ಪೆಟ್ಟು ತಿಂದು ತನ್ನ ಹೊಸ ಕೈಪಿಡಿ ತಂದಿತು. ಜನರಲ್ ಡೇವಿಡ್ ಪೆಟ್ರಾಯಸ್ ಅದರ ಕರಡನ್ನು ಪತ್ರಕರ್ತರು, ಪ್ರಾಧ್ಯಾಪಕರು, ಮಾನವ ಹಕ್ಕಿನವರ ಮುಂದಿಟ್ಟು ಟೀಕೆ ಕೇಳಿದ್ದರು. ಮಲಯಾದಲ್ಲಿ ಬ್ರಿಟಿಷರು ಕಲಿತದ್ದು ಹೇಗೆ, ವಿಯೆಟ್ನಾಮಿನಲ್ಲಿ ಅಮೆರಿಕ ಕಲಿಯದೆ ಹೋದದ್ದು ಏಕೆ ಎಂದು ಪುಸ್ತಕ ಬರೆದಿದ್ದ ಜಾನ್ ನಾಗ್ಲ್ ಆ ತಂಡದಲ್ಲಿದ್ದ. ಟೀಕಿಸುವವರನ್ನು ಒಳಗೆ ಕರೆಯುವ ಈ ಪದ್ಧತಿ ನಮ್ಮವರೂ ಅನುಸರಿಸಬೇಕಾದದ್ದು. ಆದರೆ 2021ರ ಆಗಸ್ಟ್‌ನಲ್ಲಿ ಕಾಬೂಲ್ ಬಿದ್ದಾಗ ಆ ಕೈಪಿಡಿಯೂ ಅಲ್ಲೇ ಇತ್ತು. ಜನ ತಮ್ಮದೆಂದು ಒಪ್ಪದ ಸರ್ಕಾರವನ್ನು ಯಾವ ಪುಸ್ತಕವೂ ಎತ್ತಿ ನಿಲ್ಲಿಸಲಿಲ್ಲ.

ನಮ್ಮಲ್ಲಿ ಇನ್ನೊಬ್ಬರ ಹೆಸರನ್ನು ಹೇಳಲೇಬೇಕು. ಲೆಫ್ಟಿನೆಂಟ್ ಜನರಲ್ ಅರ್ಜುನ್ ರೇ, ಕಾರ್ಗಿಲ್ ಯುದ್ಧದ ನಂತರ ಲಡಾಖಿನಲ್ಲಿದ್ದಾಗ, ಸೈನ್ಯದ ಕಣ್ಣಿಗೆ ಅನುಮಾನದವರಾಗಿದ್ದ ತುರ್ತುಕ್‌ನಂಥ ಗಡಿಯೂರುಗಳಲ್ಲಿ ಶಾಲೆ, ಆಸ್ಪತ್ರೆ, ಕಂಪ್ಯೂಟರ್ ಕಲಿಕೆಯ ಮೂಲಕ ನಂಟು ಕಟ್ಟಿದರು. ಆಪರೇಷನ್ ಸದ್ಭಾವನಾ ಎಂಬ ಹೆಸರಿನ ಈ ಕೆಲಸ ಜಮ್ಮು ಕಾಶ್ಮೀರದಲ್ಲಿ ಇಂದಿಗೂ ನಡೆದಿದೆ. ಸೈನ್ಯ ಬಿಟ್ಟ ಮೇಲೆ ಅವರು ಬೆಂಗಳೂರಿಗೆ ಬಂದು ಶಾಲೆ ನಡೆಸಿದರು.

ಇಷ್ಟೆಲ್ಲ ಇದ್ದೂ ಸುಧಾರಣೆ ಎಡವುವುದು ಎಲ್ಲಿ? ಲೆಕ್ಕದ ಪುಸ್ತಕದಲ್ಲಿ. ಸಿದ್ಧಾಂತ ಒಂದು ಹೇಳಿ, ಶಹಭಾಸ್‌ಗಿರಿ ಬೇರೆಯದಕ್ಕೆ ಸಿಕ್ಕರೆ ಜನ ಶಹಭಾಸ್‌ಗಿರಿಯ ಹಿಂದೆ ಹೋಗುತ್ತಾರೆ. 2010ರಲ್ಲಿ ಕುಪ್ವಾರಾದ ಮಚ್ಚಿಲ್‌ನಲ್ಲಿ ಕೆಲಸ ಕೊಡಿಸುತ್ತೇವೆಂದು ಮೂವರು ಯುವಕರನ್ನು ಗಡಿಗೆ ಕರೆದೊಯ್ದು ಕೊಂದು, ನುಸುಳುಕೋರರೆಂದು ತೋರಿಸಲಾಯಿತು. ಆ ಸಿದ್ಧಾಂತ ಬಂದು ಮೂರು ವರ್ಷ ದಾಟಿತ್ತು. ಸೇನಾ ನ್ಯಾಯಾಲಯ ಶಿಕ್ಷೆ ವಿಧಿಸಿತು, 2017ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಹೆಣದ ಎಣಿಕೆ ಬಡ್ತಿಗೆ ಮೆಟ್ಟಿಲಾಗಿರುವತನಕ ಇಂಥದ್ದರ ಭಯ ಹೋಗುವುದಿಲ್ಲ. ವಿಶೇಷಾಧಿಕಾರ ಕಾಯ್ದೆ ತೆಗೆಯಬೇಕೆಂದು ನ್ಯಾಯಮೂರ್ತಿ ಜೀವನ್ ರೆಡ್ಡಿ ಸಮಿತಿ 2005ರಲ್ಲೇ ಹೇಳಿತ್ತು. ಸರ್ಕಾರ ಒಪ್ಪಲಿಲ್ಲ. ಕಾಯ್ದೆಯ ನೆರಳಿಲ್ಲದೆ ಕೆಲಸ ಮಾಡಲಾಗದು ಎನ್ನುವ ಅಧಿಕಾರಿಗಳ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ತಪ್ಪಿಗೆ ಶಿಕ್ಷೆ ಆಗುತ್ತದೆ ಎಂಬ ನಂಬಿಕೆ ಇಲ್ಲದ ಕಡೆ ಸುಳಿವು ಕೊಡಲು ಯಾರೂ ಬರುವುದಿಲ್ಲ. ಅದು ಜವಾನನ ಪ್ರಾಣಕ್ಕೇ ಕುತ್ತು.

ಕರ್ನಾಟಕದಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿದ್ದು ಪೊಲೀಸರು. 2005ರ ಫೆಬ್ರುವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರಿನಿಂದ ಹಿಡಿದು 2024ರ ನವೆಂಬರಿನಲ್ಲಿ ಹೆಬ್ರಿಯ ಕಾಡಂಚಿನಲ್ಲಿ ವಿಕ್ರಂ ಗೌಡ ಹತನಾಗುವವರೆಗೆ ಮಲೆನಾಡಿನಲ್ಲಿ ಗುಂಡಿನ ಸದ್ದು ಬಿಟ್ಟುಬಿಟ್ಟು ಕೇಳುತ್ತಲೇ ಇತ್ತು. ಅದಾದ ಏಳೆಂಟು ವಾರಕ್ಕೆ, 2025ರ ಜನವರಿ 8ರಂದು, ನಾಗರಿಕರ ಮಧ್ಯಸ್ಥಿಕೆಯಿಂದ ಆರು ಜನ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಶರಣಾದರು. ಮಲೆನಾಡಿನ ಆ ಹೋರಾಟ ಬೇರುಬಿಟ್ಟದ್ದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಆಸುಪಾಸು, ಒಕ್ಕಲೆಬ್ಬಿಸುವ ಭಯದಲ್ಲಿದ್ದ ಆದಿವಾಸಿಗಳ ನಡುವೆ. ಅಲ್ಲಿಯೂ ಕೊನೆಗೆ ಮಾತು ಬಂದು ನಿಲ್ಲುವುದು ಜಮೀನಿನ ಕಾಗದದ ಹತ್ತಿರವೇ.

ಕಿತ್ತೂರಿನಲ್ಲಿ 1969ರಿಂದ ಹೆಣ್ಣುಮಕ್ಕಳ ಸೈನಿಕ ಶಾಲೆ ಇದೆ. ಸಂಗೊಳ್ಳಿಯಲ್ಲಿ ರಾಯಣ್ಣನ ಹೆಸರಿನ ಸೈನಿಕ ಶಾಲೆ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಓದುವ ಮಕ್ಕಳಲ್ಲಿ ಕೆಲವರಾದರೂ ನಾಳೆ ಯಾವುದೋ ಕಣಿವೆಯಲ್ಲಿ ಗಸ್ತು ತಂಡದ ಮುಂದೆ ನಡೆಯುವವರು. ಅವರನ್ನು ನಂದಗಡದ ಸಮಾಧಿಗೆ ಹೇಗೂ ಕರೆದೊಯ್ಯುತ್ತಾರೆ. ಹರಕೆಯ ತೊಟ್ಟಿಲು ಕಟ್ಟಿದ ಆಲದ ಮರವನ್ನು ಅವರು ನೋಡುತ್ತಾರೆ. ಶಾಲೆಯ ಗುರುಗಳಲ್ಲಿ ನನ್ನದೊಂದು ಕೋರಿಕೆ. ಅದೇ ಬಸ್ಸನ್ನು ಬೀಡಿಯಲ್ಲೂ ಅರ್ಧ ತಾಸು ನಿಲ್ಲಿಸಿ, ಮಕ್ಕಳನ್ನು ಕೆಳಗಿಳಿಸಿ, ಇಲ್ಲಿ ಏನು ಉರಿಯಿತು, ಯಾಕೆ ಉರಿಯಿತು ಎಂದು ಹೇಳಬೇಕು.